ತೋಳಿನ ರಕ್ತನಾಳದಲ್ಲಿ ಹೆಪ್ಪು: ಕೋಡ್ ಬರೆಯುವವರ ಪ್ರಶ್ನೆಗಳು

ಈ ಸಲದ ಓದುಗರ ಪ್ರಶ್ನೆಗಳೆಲ್ಲ ಮೆಡಿಕಲ್ ಕೋಡಿಂಗಿಗೆ, ಅಂದರೆ ರೋಗಿಯ ಕಡತದಲ್ಲಿರುವ ರೋಗ, ಚಿಕಿತ್ಸೆಗಳನ್ನು ನಿಗದಿತ ಕೋಡುಗಳಾಗಿ ಬರೆಯುವ ಕೆಲಸಕ್ಕೆ, ಸೇರಿದವು. ಅದರಲ್ಲೂ ಬಹುಪಾಲು ಪತ್ರಗಳು ಒಂದೇ ಗಂಟಿನ ಸುತ್ತ ಇವೆ: ತೋಳಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಯಾವ ಕೋಡ್ ಹಾಕಬೇಕು? ಅಭಿಧಮನಿ ಎಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ. ಆಳದ ಅಭಿಧಮನಿಯ ಹೆಪ್ಪನ್ನು ಚಿಕ್ಕದಾಗಿ ಡಿವಿಟಿ ಎನ್ನುತ್ತಾರೆ. ಹೊಸ ಹೆಪ್ಪು ಅಕ್ಯೂಟ್, ಹಳೆಯದು ಕ್ರಾನಿಕ್. ಮೈಸೂರು, ಮಂಡ್ಯದಲ್ಲಿ ಈ ಕೆಲಸ ಕಲಿಯುತ್ತಿರುವವರು ಹೆಚ್ಚಾಗಿ ಅಮೆರಿಕದ ಆಸ್ಪತ್ರೆಗಳ ಕಡತಗಳ ಮೇಲೆ ಕೆಲಸ ಮಾಡುವವರು. ಹಾಗಾಗಿ ಬೇರೆಯಾಗಿ ಹೇಳದ ಕಡೆ ಉತ್ತರವೆಲ್ಲ ಅಲ್ಲಿನ ಐಸಿಡಿ-10-ಸಿಎಂ ಎಂಬ ರೋಗಗಳ ಕೋಡ್ ಪುಸ್ತಕದ ಪ್ರಕಾರ. ಕೋಡಿನ ಅಕ್ಷರಗಳನ್ನು ಇಲ್ಲಿ ಕನ್ನಡದಲ್ಲೇ ಅಚ್ಚು ಹಾಕಿದ್ದೇವೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರಗಳೇ. ಐ ಇರುವ ಕಡೆ ಒಂದನ್ನೋ, ಓ ಇರುವ ಕಡೆ ಸೊನ್ನೆಯನ್ನೋ ಒತ್ತಿದರೆ ತಂತ್ರಾಂಶ ಆ ಕೋಡನ್ನು ಒಪ್ಪುವುದಿಲ್ಲ.

ಪ್ರಶ್ನೆ: ವೈದ್ಯರ ಟಿಪ್ಪಣಿಯಲ್ಲಿ ‘ಬಲಗೈ ಡಿವಿಟಿ, ಅಕ್ಯೂಟ್’ ಅಂತಿತ್ತು. ನಾನು ಐ82.401 ಹಾಕಿದೆ. ತಪ್ಪು ಅಂದರು, ಯಾಕೆ ಅಂತ ಬಿಡಿಸಿ ಹೇಳಲಿಲ್ಲ. ಡಿವಿಟಿ ಎಲ್ಲಿದ್ದರೂ ಡಿವಿಟಿಯೇ ಅಲ್ಲವೇ? (ಕೋಡಿಂಗ್ ಕಲಿಯುತ್ತಿರುವವರು, ಮಂಡ್ಯ)

ಕಾಯಿಲೆ ಒಂದೇ ಇರಬಹುದು, ಕೋಡ್ ಮಾತ್ರ ಜಾಗ ನೋಡಿಕೊಂಡು ಹುಟ್ಟುತ್ತದೆ. ನೀವು ಹಾಕಿದ ಐ82.4 ಗುಂಪು ಕಾಲಿನದು. ಎಡವಲು ಕಾರಣವೂ ಪುಸ್ತಕದಲ್ಲೇ ಇದೆ. ಐ82.40ರ ಕೆಳಗೆ ‘ಬೇರೇನೂ ಹೇಳದ ಡಿವಿಟಿ’ ಎಂಬ ಸಾಲು ಅಚ್ಚಾಗಿದೆ. ಎಲ್ಲಿ ಎಂದು ಹೇಳದೆ ಬರೀ ಡಿವಿಟಿ ಎಂದರೆ ಪುಸ್ತಕ ಅದನ್ನು ಕಾಲಿಗೆ ಕಳಿಸಿಬಿಡುತ್ತದೆ. ತಂತ್ರಾಂಶದಲ್ಲಿ ಡಿವಿಟಿ ಎಂದು ಹುಡುಕಿದವರು ಮೊದಲು ಕಂಡ ಸಾಲನ್ನೇ ಒತ್ತುತ್ತಾರೆ. ಕೈಯ ಹೆಪ್ಪು ಕಾಲಿಗೆ ಇಳಿಯುವುದು ಅಲ್ಲಿಯೇ.

ಪುಸ್ತಕದ ಅಕಾರಾದಿ ಸೂಚಿಯಲ್ಲಿ ‘ಥ್ರಾಂಬೋಸಿಸ್’ ತೆಗೆದು, ಅದರ ಕೆಳಗೆ ‘ವೇನ್’, ಆಮೇಲೆ ‘ಅಪ್ಪರ್ ಎಕ್ಸ್‌ಟ್ರಿಮಿಟಿ’, ಆಮೇಲೆ ‘ಡೀಪ್’ ಎಂದು, ಅಂದರೆ ಹೆಪ್ಪು, ಅಭಿಧಮನಿ, ತೋಳು, ಆಳ ಎಂಬ ಕ್ರಮದಲ್ಲಿ, ಇಳಿಯಿರಿ. ಐ82.62 ಸಿಗುತ್ತದೆ. ಅಷ್ಟಕ್ಕೇ ನಿಲ್ಲದೆ ಕೋಡುಗಳ ಪಟ್ಟಿಯಲ್ಲಿ ಐ82 ತೆಗೆದು ಆ ಸಾಲನ್ನು ಕಣ್ಣಾರೆ ಓದಿ. ದಶಾಂಶ ಬಿಂದುವಿನ ಆಚೆಗಿನ ಒಂದೊಂದು ಅಂಕಿಗೂ ಒಂದೊಂದು ಅರ್ಥ ಇದೆ. ಮೊದಲನೆಯದು 6 ಆದರೆ ತೋಳಿನ ಹೊಸ ಹೆಪ್ಪು, 7 ಆದರೆ ತೋಳಿನ ಹಳೆಯ ಹೆಪ್ಪು. ಎರಡನೆಯದು 0 ಆದರೆ ಯಾವ ರಕ್ತನಾಳ ಎಂದು ಹೇಳಿಲ್ಲ, 1 ಆದರೆ ಚರ್ಮದ ಕೆಳಗಿನ ಮೇಲ್ಪದರದ್ದು, 2 ಆದರೆ ಆಳದ್ದು. ಮೂರನೆಯದು ಪಕ್ಕ: 1 ಬಲ, 2 ಎಡ, 3 ಎರಡೂ, 9 ಹೇಳಿಲ್ಲ. ನಿಮ್ಮ ಕಡತಕ್ಕೆ ಬರಬೇಕಾದದ್ದು ಐ82.621. ಇದು ಆರೇ ಸ್ಥಾನದ ಕೋಡ್. ಏಳನೆಯ ಅಕ್ಷರ ಸೇರಿಸಬೇಡಿ.

ಪಕ್ಕ ಯಾವುದೆಂದು ವೈದ್ಯರು ಬರೆಯದಿದ್ದರೆ ತಕ್ಷಣ 9ಕ್ಕೆ ಹೋಗಬೇಡಿ. ರೋಗ ಇದೆ ಎಂದು ಹೇಳಬೇಕಾದವರು ವೈದ್ಯರೇ, ಆದರೆ ಯಾವ ಪಕ್ಕ ಎಂಬುದನ್ನು ನರ್ಸ್ ಮೊದಲಾದ ಇತರ ಚಿಕಿತ್ಸಾ ಸಿಬ್ಬಂದಿಯ ಟಿಪ್ಪಣಿಯಿಂದಲೂ ತೆಗೆದುಕೊಳ್ಳಬಹುದು ಎಂದು ಅಧಿಕೃತ ಮಾರ್ಗಸೂಚಿ ಅನುಮತಿ ಕೊಟ್ಟಿದೆ. ‘ಎಡ ರಟ್ಟೆ ಊದಿದೆ, ಎಡಗೈಯಲ್ಲಿ ಬಿಪಿ ನೋಡಬಾರದು’ ಎಂದು ನರ್ಸ್ ಬರೆದ ಒಂದು ಸಾಲು ನಿಮ್ಮನ್ನು ಐ82.629ರಿಂದ ಉಳಿಸುತ್ತದೆ. ಎರಡು ಟಿಪ್ಪಣಿಗಳು ಬೇರೆ ಬೇರೆ ಪಕ್ಕ ಹೇಳಿದರೆ ಮಾತ್ರ ವೈದ್ಯರನ್ನೇ ಕೇಳಬೇಕು.

ಹಳೆಯ ಕಡತಗಳಲ್ಲಿ 453.82 ಕಂಡರೆ ಗಾಬರಿಯಾಗಬೇಡಿ. ಅದು ಐಸಿಡಿ-9-ಸಿಎಂ ಕಾಲದ, ತೋಳಿನ ಆಳದ ಹೊಸ ಹೆಪ್ಪಿನ ಕೋಡ್. 2015ರ ಅಕ್ಟೋಬರ್ 1ರಿಂದ ಅಮೆರಿಕದಲ್ಲಿ ಐಸಿಡಿ-10-ಸಿಎಂ ಜಾರಿಗೆ ಬಂತು.

ಪ್ರಶ್ನೆ: ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ವರದಿಯಲ್ಲಿ ಬಲಗೈಯ ಬೆಸಿಲಿಕ್, ಆಕ್ಸಿಲರಿ, ಸಬ್‌ಕ್ಲೇವಿಯನ್ ಮೂರೂ ಅಭಿಧಮನಿಗಳಲ್ಲಿ ಹೆಪ್ಪು ಅಂತಿದೆ. ವೈದ್ಯರೂ ಹಾಗೇ ಬರೆದಿದ್ದಾರೆ. ಎಲ್ಲ ಸೇರಿಸಿ ಐ82.621 ಒಂದೇ ಸಾಕಲ್ಲವೇ? (ನರ್ಸಿಂಗ್ ಪದವೀಧರರು, ಕುವೆಂಪುನಗರ, ಮೈಸೂರು)

ಸಾಲದು. ಸಾಲದು ಎನ್ನುವುದಕ್ಕಿಂತ, ಈ ಮೂರರಲ್ಲಿ ಒಂದಕ್ಕೂ ಅದು ಸೇರದು. ತೋಳಿನ ಹೆಪ್ಪಿನ ವಿಚಾರದಲ್ಲಿ ಅತಿ ಹೆಚ್ಚು ತಪ್ಪು ಆಗುವ ಜಾಗ ಇದೇ ಎಂದು ನಮ್ಮ ಅನಿಸಿಕೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಐ82.62ರ ಕೆಳಗೆ ಪುಸ್ತಕ ಹೆಸರಿಸುವುದು ಮೂರೇ ಅಭಿಧಮನಿ: ಬ್ರೇಕಿಯಲ್, ರೇಡಿಯಲ್, ಅಲ್ನರ್. ರೇಡಿಯಲ್ ಮತ್ತು ಅಲ್ನರ್ ಮುಂದೋಳಿನವು, ಬ್ರೇಕಿಯಲ್ ರಟ್ಟೆಯದು. ಅಲ್ಲಿಂದ ಮೇಲಕ್ಕೆ ರಕ್ತ ಹರಿಯುವ ದಾರಿಯೆಲ್ಲ ಆಳದ್ದೇ ಆದರೂ ಕೋಡ್ ಬೇರೆ. ನಮ್ಮ ಕಡೆಯವರಿಗೆ ಇದು ಹೊಳೆಯ ಲೆಕ್ಕದಲ್ಲಿ ಬೇಗ ಅರ್ಥವಾಗುತ್ತದೆ. ಕರಿಘಟ್ಟದ ಹತ್ತಿರ ಲೋಕಪಾವನಿ, ತಿರುಮಕೂಡಲಿನಲ್ಲಿ ಕಪಿಲೆ ಬಂದು ಕಾವೇರಿಗೆ ಸೇರುತ್ತವೆ. ಕೂಡಿದ ಮೇಲೆ ಆ ನೀರನ್ನು ಯಾರೂ ಲೋಕಪಾವನಿ, ಕಪಿಲೆ ಎನ್ನುವುದಿಲ್ಲ. ಅಭಿಧಮನಿಗಳಲ್ಲೂ ಕೂಡಲು ಬಂದಲ್ಲಿ, ಗಡಿ ದಾಟಿದಲ್ಲಿ ಹೆಸರು ಬದಲು, ಹೆಸರು ಬದಲಾದಲ್ಲಿ ಕೋಡ್ ಬದಲು.

ಬ್ರೇಕಿಯಲ್ ಜೊತೆ ಬೆಸಿಲಿಕ್ ಕೂಡಿ ಕಂಕುಳಿನಲ್ಲಿ ಆಕ್ಸಿಲರಿ ಆಗುತ್ತದೆ. ಇದಕ್ಕೆ ಐ82.ಎ1. ಅದೇ ಆಕ್ಸಿಲರಿ ಮೊದಲನೆಯ ಪಕ್ಕೆಲುಬಿನ ಹೊರ ಅಂಚು ದಾಟಿದರೆ ಸಬ್‌ಕ್ಲೇವಿಯನ್. ಇದಕ್ಕೆ ಐ82.ಬಿ1. ಕುತ್ತಿಗೆಯಿಂದ ಇಳಿಯುವ ಇಂಟರ್ನಲ್ ಜುಗ್ಯುಲರ್‌ಗೆ ಐ82.ಸಿ1. ಸಬ್‌ಕ್ಲೇವಿಯನ್ ಮತ್ತು ಜುಗ್ಯುಲರ್ ಎರಡೂ ಕೂಡಿ ಬ್ರೇಕಿಯೋಸೆಫಾಲಿಕ್ ಆದ ಮೇಲೆ ಅದು ತೋಳಿನ ಲೆಕ್ಕ ಬಿಟ್ಟು ಎದೆಯ ಲೆಕ್ಕಕ್ಕೆ ಹೋಗುತ್ತದೆ: ಐ82.290. ಎರಡು ಬ್ರೇಕಿಯೋಸೆಫಾಲಿಕ್‌ಗಳು ಸೇರಿ ಹೃದಯಕ್ಕೆ ಇಳಿಯುವ ಸುಪೀರಿಯರ್ ವೀನಾ ಕೇವಾ ಆದರೆ ಐ82.210. ಎ, ಬಿ, ಸಿ ಗುಂಪುಗಳಲ್ಲಿ ಅಕ್ಷರದ ಮುಂದಿನ 1 ಹೊಸ ಹೆಪ್ಪು, 2 ಹಳೆಯ ಹೆಪ್ಪು. ಕೊನೆಯ ಅಂಕಿ ಪಕ್ಕದ್ದು, ಮೊದಲು ಹೇಳಿದ ಕ್ರಮದಲ್ಲೇ. ಎದೆಯ ಎರಡು ಕೋಡುಗಳಿಗೆ ಎಡ ಬಲ ಇಲ್ಲ. ಅಲ್ಲಿ ಕೊನೆಯ 0 ಹೊಸದು, 1 ಹಳೆಯದು. ಈ ಒಂದು ವ್ಯತ್ಯಾಸ ತಿಳಿಯದೆ ಐ82.291ನ್ನು ‘ಬಲಗಡೆಯ ಬ್ರೇಕಿಯೋಸೆಫಾಲಿಕ್’ ಎಂದುಕೊಂಡು ಹಾಕುವವರಿದ್ದಾರೆ. ಅದು ಹಳೆಯ ಹೆಪ್ಪಿನ ಕೋಡ್.

ಇನ್ನು ಬೆಸಿಲಿಕ್. ಇದು ರಟ್ಟೆಯ ಅರ್ಧಕ್ಕೆ ಬರುವಾಗ ಸ್ನಾಯುಗಳನ್ನು ಸುತ್ತಿದ ಪೊರೆಯನ್ನು ತೂರಿಕೊಂಡು ಒಳಕ್ಕೆ ಹೋಗುತ್ತದೆ. ಡಾಪ್ಲರ್‌ನಲ್ಲಿ ಬ್ರೇಕಿಯಲ್ ಪಕ್ಕದಲ್ಲೇ ಕಾಣುವುದರಿಂದ ಆಳದ್ದು ಎಂದು ಎಣಿಸುವುದು ಸಹಜ. ಆದರೆ ಪುಸ್ತಕದಲ್ಲಿ ಬೆಸಿಲಿಕ್, ಸೆಫಾಲಿಕ್, ಆಂಟಿಕ್ಯೂಬಿಟಲ್ ಮೂರೂ ಮೇಲ್ಪದರದವು, ಐ82.61 ಗುಂಪಿನವು. ವೈದ್ಯರು ‘ಬೆಸಿಲಿಕ್ ಡಿವಿಟಿ’ ಎಂದು ಬರೆದರೆ ಒಂದೇ ಸಾಲಿನಲ್ಲಿ ಎರಡು ದಿಕ್ಕಿನ ಮಾತು ಬಂತು. ನೀವೇ ತೀರ್ಮಾನ ಮಾಡಬೇಡಿ, ಕೇಳಿ.

ನಿಮ್ಮ ಕಡತಕ್ಕೆ ಮೂರು ಕೋಡ್ ಬೇಕು: ಐ82.ಬಿ11, ಐ82.ಎ11, ಐ82.611. ಬ್ರೇಕಿಯಲ್‌ನಲ್ಲೂ ಹೆಪ್ಪು ಇದೆ ಎಂದಿದ್ದರೆ ಮಾತ್ರ ಐ82.621 ನಾಲ್ಕನೆಯದಾಗಿ ಸೇರುತ್ತದೆ. ಹೆಪ್ಪು ನಾಳವನ್ನು ಪೂರ್ತಿ ಮುಚ್ಚಿದೆಯೋ, ಅರ್ಧ ಮುಚ್ಚಿದೆಯೋ ಎಂಬುದಕ್ಕೆ ಬೇರೆ ಕೋಡ್ ಇಲ್ಲ. ಎರಡಕ್ಕೂ ಒಂದೇ.

ವರದಿ ಓದುವ ಬಗ್ಗೆಯೂ ಒಂದು ಮಾತು. ಹೆಪ್ಪಿರುವ ಅಭಿಧಮನಿಯನ್ನು ಡಾಪ್ಲರ್‌ನ ಪ್ರೋಬ್‌ನಿಂದ ಒತ್ತಿದರೆ ಅದು ಚಪ್ಪಟೆಯಾಗದು. ಸಬ್‌ಕ್ಲೇವಿಯನ್ ಮೇಲೆ ಕಾಲರ್ ಮೂಳೆ ಅಡ್ಡ ಇರುವುದರಿಂದ ಹಾಗೆ ಒತ್ತಿ ನೋಡಲಾಗದು. ಅಲ್ಲಿ ರಕ್ತದ ಹರಿವು ನೋಡಿ ಹೇಳುತ್ತಾರೆ. ವರದಿಯ ನಡುವೆ ‘ಚಪ್ಪಟೆಯಾಗುತ್ತಿಲ್ಲ’, ‘ಹರಿವು ಕಡಿಮೆ’ ಎಂದು ಬರೆದಿರುವುದು ನೋಟ, ರೋಗನಿರ್ಣಯವಲ್ಲ. ಕೊನೆಯ ‘ಇಂಪ್ರೆಷನ್’ ಭಾಗದಲ್ಲಿ ಹೆಪ್ಪು ಎಂದು ಖಚಿತವಾಗಿ ಇದೆಯೇ ನೋಡಿ. ಹೊರರೋಗಿಯಾದರೆ ರೇಡಿಯಾಲಜಿಸ್ಟ್ ಸಹಿ ಮಾಡಿದ ಅಂತಿಮ ವರದಿಯಲ್ಲಿನ ಖಚಿತ ರೋಗನಿರ್ಣಯಕ್ಕೆ ಕೋಡ್ ಹಾಕಬಹುದು. ಒಳರೋಗಿಯಾದರೆ ವರದಿಯೊಂದೇ ಸಾಲದು, ಚಿಕಿತ್ಸೆ ಕೊಡುವ ವೈದ್ಯರು ತಮ್ಮ ಟಿಪ್ಪಣಿಯಲ್ಲಿ ಅದನ್ನು ಹೇಳಿರಬೇಕು.

ಪ್ರಶ್ನೆ: ಹೆಪ್ಪಾಗಿ ಎರಡೂವರೆ ತಿಂಗಳಾಗಿದೆ, ರೋಗಿ ಇನ್ನೂ ರಕ್ತ ತಿಳಿಯಾಗಿಸುವ ಮಾತ್ರೆ ನುಂಗುತ್ತಿದ್ದಾರೆ. ಅಕ್ಯೂಟ್ ಹಾಕಲೋ, ಕ್ರಾನಿಕ್ ಹಾಕಲೋ? ಎಷ್ಟು ದಿನಕ್ಕೆ ಕ್ರಾನಿಕ್ ಆಗುತ್ತದೆ? (ಕೋಡರ್, ಹೆಬ್ಬಾಳ, ಮೈಸೂರು)

ದಿನ ಎಣಿಸಬೇಡಿ. ಹೃದಯಾಘಾತಕ್ಕೆ ನಾಲ್ಕು ವಾರ ಎಂದು ಕೋಡ್ ಪುಸ್ತಕವೇ ಗೆರೆ ಎಳೆದಿದೆ. ಅಭಿಧಮನಿಯ ಹೆಪ್ಪಿಗೆ ಅಂಥ ಗೆರೆ ಇಲ್ಲ. ಮಾತ್ರೆ ನುಂಗುತ್ತಿರುವುದರಿಂದಲೂ ಏನೂ ತೀರ್ಮಾನವಾಗದು. ಹೊಸ ಹೆಪ್ಪಿಗೂ ಅದೇ ಮಾತ್ರೆ, ಹಳೆಯದಕ್ಕೂ ಅದೇ, ಹೆಪ್ಪು ಕರಗಿದ ಮೇಲೆ ಮತ್ತೆ ಬಾರದಿರಲಿ ಎಂದು ಕೊಡುವುದೂ ಅದೇ.

ವೈದ್ಯರ ಮಾತಿನಲ್ಲಿ ಮೂರು ಸ್ಥಿತಿ ಹುಡುಕಿ. ಈಗಿನ ಹೆಪ್ಪಿಗೆ ಚಿಕಿತ್ಸೆ ನಡೆಯುತ್ತಿದೆ, ಅಕ್ಯೂಟ್ ಎಂದಿದ್ದರೆ 6ರ ಗುಂಪು. ಕ್ರಾನಿಕ್ ಎಂದಿದ್ದರೆ 7ರ ಗುಂಪು: ಬಲಕ್ಕೆ ಐ82.721, ಎಡಕ್ಕೆ ಐ82.722. ಹೆಪ್ಪು ಕರಗಿದೆ, ಮುನ್ನೆಚ್ಚರಿಕೆಗೆ ಮಾತ್ರೆ ಎಂದಿದ್ದರೆ ಝಡ್86.718, ಅಂದರೆ ಹಿಂದೆ ಹೆಪ್ಪಾಗಿತ್ತು ಎಂಬ ಚರಿತ್ರೆಯ ಕೋಡ್. ಒಂದೇ ಹೆಪ್ಪಿಗೆ ಕ್ರಾನಿಕ್ ಕೋಡನ್ನೂ ಚರಿತ್ರೆಯ ಕೋಡನ್ನೂ ಒಟ್ಟಿಗೆ ಹಾಕುವಂತಿಲ್ಲ. 7ರ ಗುಂಪಿನ ಕೆಳಗೆ ಎಕ್ಸ್‌ಕ್ಲೂಡ್ಸ್-1 ಎಂದು ಬರೆದೇ ಇದೆ. ಮಾತ್ರೆ ದೀರ್ಘಕಾಲದ್ದಾದರೆ ಝಡ್79.01 ಜೊತೆಗೆ ಬರುತ್ತದೆ. ಅದನ್ನು ಮರೆಯುವವರು ಬಹಳ.

ಅಕ್ಯೂಟ್, ಕ್ರಾನಿಕ್ ಎರಡೂ ಬರೆಯದೆ ‘ಬಲ ಬ್ರೇಕಿಯಲ್ ಥ್ರಾಂಬೋಸಿಸ್’ ಎಂದಷ್ಟೇ ಇದ್ದರೆ ಸೂಚಿ ಅಕ್ಯೂಟ್ ಕಡೆಗೇ ಕರೆದೊಯ್ಯುತ್ತದೆ. ಸೂಚಿಯಲ್ಲಿ ಅಕ್ಯೂಟ್ ಪದ ಆವರಣದೊಳಗಿದೆ. ಆವರಣದೊಳಗಿನ ಪದ ಟಿಪ್ಪಣಿಯಲ್ಲಿ ಇದ್ದರೂ ಇಲ್ಲದಿದ್ದರೂ ಕೋಡ್ ಬದಲಾಗದು. ನಿಯಮದ ಪ್ರಕಾರ ಇದು ಸರಿ. ಆದರೂ ಎರಡೂವರೆ ತಿಂಗಳ ನಂತರದ ಭೇಟಿಗೆ ಕಣ್ಣುಮುಚ್ಚಿ ಅಕ್ಯೂಟ್ ಹಾಕುವುದು ನಮಗೆ ಒಪ್ಪಿಗೆಯಿಲ್ಲ. ಇಂಥ ಕಡತವನ್ನು ವೈದ್ಯರಿಗೆ ಕಳಿಸಿ ಕೇಳುವುದೇ ಸರಿ. ಹಳೆಯ ಹೆಪ್ಪಿನ ಮೇಲೆ ಹೊಸದು ಕೂಡಿದೆ ಎಂದಿದ್ದರೆ ಎರಡೂ ಕೋಡ್, ಹೊಸದು ಮೊದಲು. ಬಲಗೈಯಲ್ಲಿ ಹೊಸದು, ಎಡಗೈಯಲ್ಲಿ ಹಳೆಯದು ಆದರೆ ಐ82.621 ಮತ್ತು ಐ82.722. ಎರಡೂ ಕೈ ಎಂದು ಐ82.623 ಹಾಕಿಬಿಡಬೇಡಿ.

ಪ್ರಶ್ನೆ: ಕೀಮೋ ಕೊಡಲು ಹಾಕಿದ್ದ ಪಿಕ್ ಲೈನಿನಿಂದ ತೋಳಿನಲ್ಲಿ ಹೆಪ್ಪಾಗಿ ರೋಗಿ ದಾಖಲಾಗಿದ್ದಾರೆ. ಐ82 ಮೊದಲೋ, ಟಿ82 ಮೊದಲೋ? (ಬಿ.ಎಸ್‌ಸಿ. ವಿದ್ಯಾರ್ಥಿನಿ, ಪಾಂಡವಪುರ)

ಪಿಕ್ ಲೈನ್ ಎಂದರೆ ರಟ್ಟೆಯ ಅಭಿಧಮನಿಯಿಂದ, ಹೆಚ್ಚಾಗಿ ಬೆಸಿಲಿಕ್‌ನಿಂದ, ಒಳಕ್ಕೆ ಬಿಟ್ಟು ಹೃದಯದ ಹತ್ತಿರದ ದೊಡ್ಡ ನಾಳದವರೆಗೆ ಒಯ್ಯುವ ತೆಳ್ಳನೆಯ ಕೊಳವೆ. ನಾಳದೊಳಗೆ ಹೊರಗಿನ ವಸ್ತು ಕೂತಿದೆ, ರಕ್ತಕ್ಕೆ ಹರಿಯುವ ಜಾಗ ಕಿರಿದಾಗಿದೆ. ಅದರ ಮೇಲೆ ಕ್ಯಾನ್ಸರ್ ಇದ್ದಾಗ ರಕ್ತ ತಾನಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ತೋಳಿನ ಆಳದ ಹೆಪ್ಪಿನ ಕಡತಗಳಲ್ಲಿ ಇಂಥ ಲೈನ್ ಮತ್ತೆ ಮತ್ತೆ ಕಾಣುವುದಕ್ಕೆ ಕಾರಣ ಇದು.

ರೋಗಿ ದಾಖಲಾದದ್ದೇ ಈ ತೊಡಕಿಗಾದರೆ ರಕ್ತನಾಳದ ಸಾಧನದಿಂದಾದ ಹೆಪ್ಪಿನ ಕೋಡ್ ಟಿ82.868ಎ ಮೊದಲು, ಅದರ ಹಿಂದೆ ಹೆಪ್ಪು ಇರುವ ಒಂದೊಂದು ನಾಳದ ಐ82 ಕೋಡ್, ಆಮೇಲೆ ಕ್ಯಾನ್ಸರ್ ಕೋಡ್. ಕೊನೆಯ ಎ ಎಂದರೆ ಈ ತೊಡಕಿಗೆ ಈಗ ಚಿಕಿತ್ಸೆ ನಡೆಯುತ್ತಿದೆ ಎಂದರ್ಥ. ಮೊದಲ ಭೇಟಿ ಎಂದಷ್ಟೇ ತಿಳಿಯಬೇಡಿ. ಇದು ಏಳು ಸ್ಥಾನದ ಕೋಡ್, ಎ ಬಿಟ್ಟರೆ ಅಮಾನ್ಯ.

ಎಚ್ಚರ ಬೇಕಾದ ಜಾಗ ಬೇರೆ. ಪಿಕ್ ಲೈನ್ ಇದೆ, ಅದೇ ತೋಳಿನಲ್ಲಿ ಹೆಪ್ಪೂ ಇದೆ ಎಂದ ಮಾತ್ರಕ್ಕೆ ಟಿ82 ಹಾಕುವಂತಿಲ್ಲ. ಲೈನಿನಿಂದಲೇ ಹೆಪ್ಪಾಯಿತು ಎಂಬ ಸಂಬಂಧ ವೈದ್ಯರ ಬರಹದಲ್ಲಿ ಇರಬೇಕು. ‘ಪಿಕ್‌ನಿಂದಾದ’, ‘ಕ್ಯಾಥೆಟರ್ ಸಂಬಂಧಿತ’ ಇಂಥ ಮಾತು ಸಾಕು. ‘ಪಿಕ್ ಇದೆ, ಡಿವಿಟಿ ಇದೆ’ ಎಂದು ಅಕ್ಕಪಕ್ಕ ಬರೆದಿದ್ದರೆ ಸಾಲದು. ಪೇಸ್‌ಮೇಕರ್ ತಂತಿಯಿಂದ ಆದದ್ದಾದರೆ ಟಿ82.867ಎ, ಯಾಕೆಂದರೆ ಅದು ಹೃದಯದ ಸಾಧನ.

ಒಳರೋಗಿಯ ಕಡತದಲ್ಲಿ ದಾಖಲಾಗುವಾಗಲೇ ಇತ್ತೇ ಎಂಬ ಗುರುತೂ ತುಂಬಬೇಕು. ಊದಿದ ಕೈಯಲ್ಲೇ ಬಂದಿದ್ದರೆ ವೈ. ಆಸ್ಪತ್ರೆ ಸೇರಿ ಐದನೇ ದಿನ ಊದಿದರೆ ಎನ್. ಟಿಪ್ಪಣಿ ಸಾಲದಿದ್ದರೆ ಯು, ಹೇಳಲು ಬರುವುದಿಲ್ಲ ಎಂದು ವೈದ್ಯರೇ ಬರೆದಿದ್ದರೆ ಡಬ್ಲ್ಯೂ. ಈ ಒಂದು ಅಕ್ಷರದಿಂದ ತೊಡಕು ಯಾರ ಕೈಯಲ್ಲಿ ಆಯಿತು ಎಂದು ಲೆಕ್ಕ ಹಾಕುತ್ತಾರೆ. ಅಂದಾಜಿನಲ್ಲಿ ತುಂಬಿದರೆ ಒಂದು ಆಸ್ಪತ್ರೆಗೆ ಅನ್ಯಾಯವಾಗುತ್ತದೆ, ಇಲ್ಲವೇ ಒಬ್ಬ ರೋಗಿಗೆ.

ಪ್ರಶ್ನೆ: ಡ್ರಿಪ್ ಹಾಕಿದ ಜಾಗದಲ್ಲಿ ನರ ಗಟ್ಟಿಯಾಗಿ ಕೆಂಪಾಗಿದೆ, ‘ಥ್ರಾಂಬೋಫ್ಲೆಬೈಟಿಸ್’ ಎಂದು ಬರೆದಿದ್ದಾರೆ. ಇದೂ ಐ82.61 ತಾನೇ? (ಸ್ಟಾಫ್ ನರ್ಸ್, ನಂಜನಗೂಡು)

ಅಲ್ಲ. ಥ್ರಾಂಬೋಫ್ಲೆಬೈಟಿಸ್ ಎಂದರೆ ಹೆಪ್ಪಿನ ಜೊತೆ ಅಭಿಧಮನಿಯ ಉರಿಯೂತ. ಉರಿಯೂತದ ಮಾತು ಬಂದರೆ ಐ80ಕ್ಕೆ ಹೋಗಬೇಕು. ತೋಳಿಗೆ ಐ80.8. ಇದರಲ್ಲಿ ಎಡ ಬಲ ಇಲ್ಲ. ಡ್ರಿಪ್‌ನಿಂದಲೇ ಆಯಿತು ಎಂದು ವೈದ್ಯರು ಬರೆದಿದ್ದರೆ ಅದರ ಮೊದಲು ಟಿ80.1ಎಕ್ಸ್‌ಎಕ್ಸ್‌ಎ. ನಡುವಿನ ಎರಡು ಎಕ್ಸ್‌ಗಳು ಖಾಲಿ ಸ್ಥಾನ ತುಂಬುವವು, ಅವನ್ನು ಬಿಟ್ಟರೆ ಕೊನೆಯ ಎ ತನ್ನ ಏಳನೇ ಜಾಗಕ್ಕೆ ಬರುವುದಿಲ್ಲ. ನಮ್ಮ ಊರುಗಳಲ್ಲಿ ರಕ್ತನಾಳಕ್ಕೂ ನರ ಎನ್ನುವುದು ರೂಢಿ. ಕೋಡಿಂಗ್ ಕಲಿಯುವಾಗ ಮಾತ್ರ ನರವೇ ಬೇರೆ, ಅಭಿಧಮನಿಯೇ ಬೇರೆ ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನರದ ಕೋಡುಗಳು ಜಿ ಅಧ್ಯಾಯದವು.

ಪ್ರಶ್ನೆ: ‘ಡಿವಿಟಿ ಇರಬಹುದು’ ಎಂದು ಬರೆದು ಡಾಪ್ಲರ್‌ಗೆ ಕಳಿಸಿದ್ದಾರೆ. ವರದಿ ನಾರ್ಮಲ್. ಏನು ಹಾಕಬೇಕು? (ಕೋಡಿಂಗ್ ಕಲಿಯುತ್ತಿರುವವರು, ಮದ್ದೂರು)

ಹೊರರೋಗಿಯಾದರೆ ಅನುಮಾನಕ್ಕೆ ಕೋಡ್ ಇಲ್ಲ. ‘ಇರಬಹುದು’, ‘ಶಂಕೆ’, ‘ಇಲ್ಲವೆಂದು ಖಚಿತಪಡಿಸಿಕೊಳ್ಳಲು’ ಇವೆಲ್ಲ ಒಂದೇ ಸಾಲಿನವು. ಕಂಡ ಲಕ್ಷಣಕ್ಕೆ ಹಾಕಿ: ಬಲಗೈ ನೋವು ಎಂ79.601, ಎಡಗೈ ನೋವು ಎಂ79.602, ತೋಳಿನ ಊತ ಎಂ79.89. ಒಂದು ಕೈ ಡಾಪ್ಲರ್‌ಗೆ ಸಿಪಿಟಿ (ಪರೀಕ್ಷೆ, ಚಿಕಿತ್ಸೆಗಳ ಕೋಡ್) 93971, ಎರಡೂ ಕೈ ಪೂರ್ತಿ ನೋಡಿದ್ದರೆ 93970.

ಒಳರೋಗಿಯ ನಿಯಮ ಇದಕ್ಕೆ ತಿರುಗುಮುರುಗು. ಬಿಡುಗಡೆಯ ಹೊತ್ತಿಗೂ ‘ಡಿವಿಟಿ ಇರಬಹುದು’ ಎಂದೇ ಉಳಿದಿದ್ದರೆ ಆಸ್ಪತ್ರೆಯ ಬಿಲ್ಲಿಗೆ ಇದೆ ಎಂದೇ ಕೋಡ್ ಹಾಕಬೇಕು. ನಡುವೆ ಒಂದು ದಿನ ಶಂಕೆ ಬರೆದು ಆಮೇಲೆ ಇಲ್ಲ ಎಂದಿದ್ದರೆ ಹಾಕುವಂತಿಲ್ಲ. ತರಬೇತಿಯಲ್ಲಿ ಈ ಎರಡು ನಿಯಮಗಳನ್ನು ಒಂದೇ ದಿನ ಹೇಳಿಕೊಟ್ಟರೆ ಕಲಸಿಹೋಗುತ್ತವೆ. ಹಾಗಾಗಿ ಕಡತ ತೆರೆದ ಕೂಡಲೇ ಮೊದಲು ನೋಡಬೇಕಾದದ್ದು ಒಳರೋಗಿಯೋ ಹೊರರೋಗಿಯೋ ಎಂಬುದನ್ನು.

ಪ್ರಶ್ನೆ: ನಮ್ಮ ತಾಯಿಗೆ ಎಡಗೈ ಊದಿ, ರಕ್ತ ಹೆಪ್ಪುಗಟ್ಟಿದೆ ಎಂದು ಇಲ್ಲಿಯೇ ಆಸ್ಪತ್ರೆಗೆ ಸೇರಿಸಿದ್ದೆವು. ಬಿಡುಗಡೆ ಪತ್ರದಲ್ಲಿ ಐ82.8 ಎಂದಿದೆ. ಕೋಡಿಂಗ್ ಕಲಿತ ನೆಂಟರೊಬ್ಬರು ಅದು ಐ82.622 ಆಗಬೇಕಿತ್ತು, ವಿಮೆ ಸಿಗುವುದಿಲ್ಲ ಎಂದು ಹೆದರಿಸುತ್ತಿದ್ದಾರೆ. ಮಾತ್ರೆಯೂ ದುಬಾರಿ. ಏನು ಮಾಡಲಿ? (ಗೃಹಿಣಿ, ಶ್ರೀರಂಗಪಟ್ಟಣ)

ಹೆದರಬೇಡಿ. ನಿಮ್ಮ ನೆಂಟರು ಕಲಿತದ್ದು ಅಮೆರಿಕದ ಪುಸ್ತಕ. ನಮ್ಮ ಆಸ್ಪತ್ರೆಗಳ ದಾಖಲೆ ವಿಭಾಗಗಳಲ್ಲಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10. ಅಮೆರಿಕದವರು ಅದನ್ನೇ ತೆಗೆದುಕೊಂಡು ತಮ್ಮ ಬಿಲ್ಲಿನ ಅಗತ್ಯಕ್ಕೆ ಅಂಕಿ ಸೇರಿಸಿ ಉದ್ದ ಮಾಡಿಕೊಂಡರು. ಮೂಲ ಪುಸ್ತಕದಲ್ಲಿ ಎಡಗೈ ಬಲಗೈ ಭೇದವಿಲ್ಲ, ಹೊಸದು ಹಳೆಯದು ಎಂಬ ಭೇದವೂ ಇಲ್ಲ. ಐ82.8 ಎಂದರೆ ‘ಬೇರೆ ನಿರ್ದಿಷ್ಟ ಅಭಿಧಮನಿಗಳ ಹೆಪ್ಪು’. ತೋಳಿನ ಹೆಪ್ಪು ಅಲ್ಲಿ ಸೇರುತ್ತದೆ. ಕೋಡ್ ಚಿಕ್ಕದಾಗಿದೆ ಎಂದ ಮಾತ್ರಕ್ಕೆ ತಪ್ಪಲ್ಲ.

ಕ್ಲೇಮ್ ಅರ್ಜಿಯ ‘ಬಿ’ ಭಾಗವನ್ನು ಆಸ್ಪತ್ರೆಯವರೇ ತುಂಬುತ್ತಾರೆ, ಐಸಿಡಿ-10 ಕೋಡಿನ ಜಾಗವೂ ಅದರಲ್ಲೇ ಇದೆ. ಅಲ್ಲಿಯ ಕೋಡ್, ಬಿಡುಗಡೆ ಪತ್ರದ ಕೋಡ್, ಬರಹದಲ್ಲಿರುವ ರೋಗದ ಹೆಸರು ಮೂರೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಮಾತ್ರ ನೋಡಿಕೊಳ್ಳಿ. ಬಿಡುಗಡೆ ಪತ್ರದಲ್ಲಿ ಯಾವ ಕೈ, ಯಾವ ರಕ್ತನಾಳ, ಊತ ಶುರುವಾದದ್ದು ಯಾವಾಗ, ಡಾಪ್ಲರ್ ಮಾಡಿದ ತಾರೀಖು, ಕೊಟ್ಟ ಔಷಧ ಇವಿಷ್ಟು ಇರಬೇಕು. ಒಂದು ಕಡೆ ಎಡಗೈ, ಇನ್ನೊಂದು ಕಡೆ ಬಲಗೈ ಎಂದಾಗಿದ್ದರೆ, ಎರಡು ದಿನದ ಊತವನ್ನು ಎರಡು ವರ್ಷ ಎಂದು ಬರೆದುಬಿಟ್ಟಿದ್ದರೆ, ತೊಂದರೆ ಬರುವುದು ಅದರಿಂದ. ಎರಡು ವರ್ಷ ಎಂದು ಕಂಡರೆ ವಿಮೆಯವರು ಪಾಲಿಸಿಗೂ ಮೊದಲೇ ಇದ್ದ ಕಾಯಿಲೆ ಎನ್ನಬಹುದು. ತಿದ್ದುಪಡಿ ಬೇಕಿದ್ದರೆ ಚಿಕಿತ್ಸೆ ಕೊಟ್ಟ ವೈದ್ಯರ ಸಹಿಯೊಂದಿಗೆ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಮಾಡಿಸಿ. ಪೆನ್ನಿನಲ್ಲಿ ನೀವೇ ತಿದ್ದಬೇಡಿ.

ಕಾಗದದ ಕೆಲಸ ಎಷ್ಟೇ ತಡವಾಗಲಿ, ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿ. ತೋಳಿನ ಆಳದ ಹೆಪ್ಪಿಗೆ ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳ ಚಿಕಿತ್ಸೆ ಬೇಕು. ದುಬಾರಿಯಾದರೆ ವೈದ್ಯರಿಗೆ ನೇರವಾಗಿ ಹೇಳಿ, ಕಡಿಮೆ ಬೆಲೆಯ ಔಷಧಕ್ಕೆ ಬದಲಿಸಲು ಆಗುತ್ತದೆಯೇ ನೋಡುತ್ತಾರೆ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಆ ಕ್ಷಣವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಪ್ರಶ್ನೆ: ಮೂವತ್ತು ವಾರದ ಗರ್ಭಿಣಿ, ಎಡ ಬ್ರೇಕಿಯಲ್‌ನಲ್ಲಿ ಹೊಸ ಹೆಪ್ಪು. ಐ82.622 ಒಂದೇ ಹಾಕಿದ್ದಕ್ಕೆ ಕಡತ ವಾಪಸ್ ಬಂತು. (ಕೋಡರ್, ವಿಜಯನಗರ, ಮೈಸೂರು)

ಗರ್ಭಿಣಿಯಾದರೆ ಓ ಅಧ್ಯಾಯದ ಕೋಡ್ ಮೊದಲು. ಮೂವತ್ತು ವಾರ ಎಂದರೆ ಮೂರನೇ ತ್ರೈಮಾಸಿಕ, ಹಾಗಾಗಿ ಓ22.33. ಅದರ ಹಿಂದೆ ನಿಮ್ಮ ಐ82.622, ಆಮೇಲೆ ವಾರ ತಿಳಿಸುವ ಝಡ್3ಎ.30. ಹೆರಿಗೆಯ ನಂತರದ ಬಾಣಂತನದಲ್ಲಿ ಆದರೆ ಓ87.1 ಮೊದಲು. ಐ82ರ ಆರಂಭದಲ್ಲೇ ‘ಮೊದಲು ಇದನ್ನು ಹಾಕಿ’ ಎಂಬ ಸೂಚನೆ ಇದೆ. ಕೋಡಿನ ಸಾಲಿಗೆ ನೇರವಾಗಿ ಹಾರುವವರಿಗೆ ಆ ಸೂಚನೆ ಕಣ್ಣಿಗೆ ಬೀಳುವುದಿಲ್ಲ. ಯಾವ ಕೋಡ್ ಹಾಕಿದರೂ ಅದರ ಮೂರು ಅಕ್ಷರದ ತಲೆಬರಹದಿಂದ ಓದಿಕೊಂಡು ಬನ್ನಿ.

ಪ್ರಶ್ನೆ: ವೈದ್ಯರಿಗೆ ಕ್ವೆರಿ, ಅಂದರೆ ಲಿಖಿತ ಪ್ರಶ್ನೆ, ಕಳಿಸಿ ಎನ್ನುತ್ತೀರಿ. ‘ದಯವಿಟ್ಟು ಅಕ್ಯೂಟ್ ಡಿವಿಟಿ ಎಂದು ಬರೆಯಿರಿ’ ಎಂದು ಕಳಿಸಿದ್ದಕ್ಕೆ ಆಡಿಟ್‌ನಲ್ಲಿ ಅಂಕ ಕಳೆದರು. ಹೇಗೆ ಬರೆಯಬೇಕು? (ಕೋಡರ್, ಸರಸ್ವತಿಪುರಂ, ಮೈಸೂರು)

ಅಂಕ ಕಳೆದದ್ದು ಸರಿ. ಉತ್ತರವನ್ನು ನೀವೇ ಹೇಳಿಕೊಟ್ಟು ಸಹಿ ಕೇಳಿದಂತಾಯಿತು. ಕ್ವೆರಿಯಲ್ಲಿ ಕಡತದಲ್ಲಿ ಕಂಡದ್ದನ್ನು ತಾರೀಖಿನೊಂದಿಗೆ ಇಡಬೇಕು, ಆಯ್ಕೆಗಳನ್ನು ಕೊಡಬೇಕು. ‘ಬೇರೆ’ ಮತ್ತು ‘ಹೇಳಲು ಸಾಧ್ಯವಿಲ್ಲ’ ಎಂಬ ಎರಡು ಆಯ್ಕೆ ಇರಲೇಬೇಕು. ಹಣದ ಮಾತು, ಯಾವ ಕೋಡಿಗೆ ಹೆಚ್ಚು ಬರುತ್ತದೆ ಎಂಬ ಸುಳಿವು ಇರಕೂಡದು. ಒಂದು ಮಾದರಿ ಇಲ್ಲಿದೆ, ಇಂಗ್ಲಿಷಿನಲ್ಲಿ ಬರೆಯುವಾಗಲೂ ಇದೇ ಕಟ್ಟು ಇರಲಿ:

‘ನಿಮ್ಮ ಇಂದಿನ ಟಿಪ್ಪಣಿಯಲ್ಲಿ ತೋಳಿನ ಡಿವಿಟಿ ಎಂದಿದೆ. ಎರಡು ತಿಂಗಳ ಹಿಂದಿನ ಡಾಪ್ಲರ್‌ನಲ್ಲಿ ಬಲ ಆಕ್ಸಿಲರಿ ಅಭಿಧಮನಿಯಲ್ಲಿ ಹೆಪ್ಪು ಕಂಡಿತ್ತು. ಇಂದಿನ ಡಾಪ್ಲರ್ ಅದೇ ಜಾಗದಲ್ಲಿ ಭಾಗಶಃ ಹರಿವು ಮರಳಿದೆ ಎನ್ನುತ್ತದೆ. ರೋಗಿ ಅಪಿಕ್ಸಾಬಾನ್ ತೆಗೆದುಕೊಳ್ಳುತ್ತಿದ್ದಾರೆ. ಈ ಭೇಟಿಯಲ್ಲಿ ಆ ಸ್ಥಿತಿಯನ್ನು ನಿಮ್ಮ ವೈದ್ಯಕೀಯ ತೀರ್ಮಾನದಂತೆ ತಿಳಿಸಿ: ಅಕ್ಯೂಟ್, ಕ್ರಾನಿಕ್, ಹಳೆಯದರ ಮೇಲೆ ಹೊಸದು, ವಾಸಿಯಾಗಿದ್ದು ಈಗ ಚರಿತ್ರೆ ಮಾತ್ರ, ಬೇರೆ, ಹೇಳಲು ಸಾಧ್ಯವಿಲ್ಲ. ಅಭಿಧಮನಿಯ ಹೆಸರು ಮತ್ತು ಪಕ್ಕವನ್ನೂ ದಯವಿಟ್ಟು ನಮೂದಿಸಿ.’

ಉತ್ತರ ಬಂದ ಮೇಲೆ ಅದು ಕಡತದ ಭಾಗವಾಗಿ ಸೇರಿದೆಯೇ ಎಂದು ನೋಡಿ, ಆಮೇಲೆ ಕೋಡ್ ಹಾಕಿ. ಫೋನಿನಲ್ಲಿ ಹೇಳಿದ ಉತ್ತರಕ್ಕೆ ಕೋಡ್ ಹಾಕಬೇಡಿ. ಕಡತದಲ್ಲಿ ಬರಹ ಇಲ್ಲದಿದ್ದರೆ ಆಡಿಟರ್ ಎದುರು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.